ಲಿವಾದ ಗಾಳಿ ತಿಕ್ಕಿದ ತಗಡು

ಕಳೆದ ತಿಂಗಳು ಮಗಳು ಮೇಘಳ ಮನೆಗೆಂದು ದುಬೈಗೆ ಹೋಗಿದ್ದೆ. ಬರ್ ದುಬೈಯ ಗಲ್ಲಿಯಲ್ಲಿ ಹೂವು, ಕರ್ಪೂರ, ತೆಂಗಿನಕಾಯಿ ಕೊಂಡು ಇಬ್ಬರೂ ಮಿರ್ದಿಫ್‌ಗೆ ಹಿಂತಿರುಗುವಾಗ ಸಿಗ್ನಲ್ಲಿನಲ್ಲಿ ಮೇಘ ಗಕ್ಕನೆ ಬ್ರೇಕ್ ಒತ್ತಿದಳು. ಡಿಕ್ಕಿಯಲ್ಲಿದ್ದ ಕಾಯಿ ಉರುಳಿ ಜ್ಯಾಕಿಗೆ ಬಡಿದು ಬಿರುಕು ಬಿಟ್ಟಿತು. ಮನೆ ಮುಂದೆ ಇಳಿದು ಡಿಕ್ಕಿ ಎತ್ತಿದೆವೋ ಇಲ್ಲವೋ, ಕಾದ ಕಬ್ಬಿಣದ ಮೇಲೆ ಹರಿದ ಕಾಯಿನೀರಿನ ವಾಸನೆ ಮೂಗಿಗೆ ಬಂತು. ನಾನು ಹಿಂದೆಮುಂದೆ ನೋಡದೆ ಸೆರಗಿನಿಂದಲೇ ಗಸಗಸ ಒರೆಸತೊಡಗಿದೆ.

"ಅಮ್ಮಾ, ಇಟ್ಸ್ ಜಸ್ಟ್ ಕೋಕನಟ್ ವಾಟರ್. ರಿಲ್ಯಾಕ್ಸ್!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳಿಗೇನು ಗೊತ್ತು? ಆ ವರ್ಷ ಅವಳು ಓದಲೆಂದು ಬೇರೆ ದೇಶದಲ್ಲಿದ್ದಳು. ಅವಳಪ್ಪನ ನಿವೃತ್ತಿಯ ವರ್ಷ ಅದು. ಆಗಸ್ಟಿನಿಂದ ಡಿಸೆಂಬರ್‌ವರೆಗಿನ ಆ ನಾಲ್ಕು ತಿಂಗಳು ನಾನು, ಅವಳಪ್ಪ, ನಮ್ಮ ಗ್ಯಾರೇಜಿನ ವಸಂತಣ್ಣ ಮೂವರೂ ಮೂರು ತುಂಡು ತಗಡಿನ ಹಿಂದೆ ಬಿದ್ದಿದ್ದೆವು. ಈಗ ನೆನೆದರೆ ನಗು ಬರುತ್ತದೆ. ನಗುವಿನ ಹಿಂದೆಯೇ ಮೈ ಜುಮ್ಮೆನ್ನುತ್ತದೆ.

ನನ್ನ ಯಜಮಾನರು ರಘು, ದುಬೈಯಿಂದ ಮೂರು ಗಂಟೆ ದಾರಿಯ ರುವೈಸ್‌ನ ಎಣ್ಣೆ ಶುದ್ಧೀಕರಣ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಅವರ ಕೆಲಸ ಒಂದೇ: ತುಕ್ಕು ನೋಡುವುದು. ಯಾವ ಕೊಳವೆ ಎಲ್ಲಿ ಸವೆಯುತ್ತಿದೆ, ಯಾವ ಟ್ಯಾಂಕಿನ ತಳ ತುಕ್ಕು ತಿನ್ನುತ್ತಿದೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ವಾರವೆಲ್ಲ ಅಲ್ಲಿ ಕಂಪನಿಯ ಕ್ವಾರ್ಟರ್ಸ್‌ನಲ್ಲಿರುತ್ತಿದ್ದರು. ನಾನು ದುಬೈಯ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ಮಿರ್ದಿಫ್‌ನಲ್ಲಿದ್ದೆ. ಅವರು ವಾರದ ಕೊನೆಗೆ ಕಂಪನಿಯ ಬಸ್ಸಿನಲ್ಲಿ ಬಂದು, ರಜೆ ಮುಗಿದ ಮೇಲೆ ಬೆಳಕು ಹರಿಯುವ ಮೊದಲೇ ಅದೇ ಬಸ್ಸು ಹತ್ತುವುದು. ಮೈಸೂರಿನಿಂದ ಬಂದ ಹೊಸದರಲ್ಲಿ "ಎರಡು ವರ್ಷ ಅಷ್ಟೇ" ಎಂದುಕೊಂಡಿದ್ದ ಈ ಏರ್ಪಾಡಿನಲ್ಲೇ ನಮ್ಮ ಕೂದಲು ನರೆತಿತ್ತು.

ಇಂಥ ತುಕ್ಕು ಪಂಡಿತರ ಮನೆಯ ಅಂಗಳದಲ್ಲೇ ಒಂದು ಕಾರು ತುಕ್ಕು ಹಿಡಿದು ನಿಂತಿತ್ತು. ಎಪ್ಪತ್ತರ ದಶಕದ ಬಿಳಿ ಸ್ಟೇಷನ್ ವ್ಯಾಗನ್. ನಾವು ಆ ದೇಶಕ್ಕೆ ಹೋದಾಗ ಹಳೆಯದನ್ನೇ ಕೊಂಡದ್ದು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಕಾರು ಹುಚ್ಚಿನವರು ಅದಕ್ಕಿಂತ ಇದು ಮೇಲು ಎಂದು ಜಗಳಕ್ಕೆ ಬರುತ್ತಾರೆ. ಇಂಜಿನ್ ಗಟ್ಟಿಯಾಗಿತ್ತು. ಆದರೆ ಸಮುದ್ರದ ಹಸಿ ಗಾಳಿ ಬಿಡಬೇಕಲ್ಲ. ಎಡಗಡೆಯ ಮಡ್‌ಗಾರ್ಡ್, ಬಾನೆಟ್, ಅಲ್ಲಿ ಎಡಕ್ಕೇ ಇರುವ ಡ್ರೈವರ್ ಬದಿಯ ಬಾಗಿಲು, ಈ ಮೂರೂ ಒಳಗಿಂದ ಕೊಳೆತು ಬೆರಳಿಟ್ಟರೆ ತೂತಾಗುವಂತಿದ್ದವು. ಅಂಥ ಕಾರಿಗೆ ವಾರ್ಷಿಕ ತಪಾಸಣೆಯಲ್ಲಿ, ಅಂದರೆ ಎಲ್ಲರೂ ಪಾಸಿಂಗ್ ಅನ್ನುವ ಪರೀಕ್ಷೆಯಲ್ಲಿ, ಉತ್ತೀರ್ಣವಾಗುವ ಯೋಗವಿಲ್ಲ. ಪಾಸಿಂಗ್ ಇಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ.

ಆಗಸ್ಟಿನ ಒಂದು ಸಂಜೆ ಕಾಫಿ ಕುಡಿಯುತ್ತ ರಘು ಹೇಳಿದರು: "ಸುಮಾ, ಕೊನೇ ದಿನ ನಾನು ಬಸ್ಸಲ್ಲಿ ಬರಲ್ಲ ಕಣೇ. ರುವೈಸ್ ಗೇಟಿಂದ ನಮ್ಮನೆ ಬಾಗಿಲವರೆಗೂ ಈ ಕಾರಲ್ಲೇ ಬರ್ತೀನಿ. ನಾನೇ ಓಡಿಸ್ಕೊಂಡು."

"ಈ ಕಾರಲ್ಲಾ? ಗೇಟಿಂದ ಹೊರಟ ಬಾಗಿಲು ಮನೆ ಮುಟ್ಟೋದ್ರೊಳಗೆ ರಸ್ತೇಲಿ ಬಿದ್ದಿರುತ್ತೆ" ಎಂದೆ.

ಅವರು ನಗಲಿಲ್ಲ. ಮದುವೆಯಾದಾಗಿನಿಂದ ಇಂಥ ಅಡುಗೆ ಬೇಕು ಎಂದೂ ಬಾಯಿಬಿಟ್ಟು ಕೇಳಿದವರಲ್ಲ ಆ ಮನುಷ್ಯ. ಕೇಳದೆ ಕೇಳದೆ ಕೊನೆಗೆ ಕೇಳಿದ್ದು ಇದೊಂದನ್ನು. ಡಿಸೆಂಬರ್ ಕಳೆದರೆ ವೀಸಾ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಅಷ್ಟರೊಳಗೆ ಆಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ. ಹೂಂ ಎಂದುಬಿಟ್ಟೆ.

ಮರುದಿನವೇ ವಸಂತಣ್ಣನನ್ನು ಕರೆಸಿದೆವು. ಉಡುಪಿ ಹತ್ತಿರದ ಕಟಪಾಡಿಯವನು, ದುಬೈಯ ರಾಸ್ ಅಲ್ ಖೋರ್‌ನಲ್ಲಿ ಸ್ವಂತ ಗ್ಯಾರೇಜು, ಕೆಲಸಕ್ಕಿಂತ ಒಂದು ಕೈ ಮೇಲೆ ಅವನ ಬಾಯಿ. ಮಡ್‌ಗಾರ್ಡಿನ ಅಂಚು ಚಿವುಟಿ ಕೈಗೆ ಬಂದ ಚೂರನ್ನು ನೋಡಿದ.

"ಎಂತ ಸರ್ ಇದು, ಹಪ್ಪಳವಾ? ಮುಟ್ಟಿದ್ರೆ ಪುಡಿ ಆಗ್ತದೆ."

"ತೇಪೆ ಹಾಕಿ ಬಣ್ಣ ಹೊಡೆದ್ರೆ ಆಗಲ್ವಾ ವಸಂತಣ್ಣ?" ಎಂದೆ ನಾನು.

"ಆಗುದಿಲ್ಲ ಅಕ್ಕ. ಪಾಸಿಂಗ್‌ನವ ಒಂದು ಸ್ಕ್ರೂಡ್ರೈವರ್ ಹಾಕಿ ಚುಚ್ಚಿದ ಅಂದ್ರೆ ಖಲಾಸ್. ಬೇರೆ ತಗಡೇ ಬೇಕು. ನೀವು ಟೆನ್ಷನ್ ಮಾಡ್ಬೇಡಿ, ಈ ವಸಂತನಿಗೆ ಗೊತ್ತಿಲ್ಲದ ಸ್ಕ್ರ್ಯಾಪ್ ಅಂಗಡಿ ಈ ದೇಶದಲ್ಲಿ ಇಲ್ಲ."

ಇತ್ತು, ಬೇಕಾದಷ್ಟಿತ್ತು. ಶಾರ್ಜಾದ ಹಳೆ ಬಿಡಿಭಾಗಗಳ ಅಂಗಡಿಗಳನ್ನು ಒಂದೂ ಬಿಡದೆ ಸುತ್ತಿದೆವು. ಬಾಗಿಲುಗಳನ್ನು ಪುಸ್ತಕದಂತೆ ಸಾಲಾಗಿ ಜೋಡಿಸಿಟ್ಟ ಗೋದಾಮುಗಳಲ್ಲಿ ಬೆವರು ಸುರಿಸುತ್ತ ನಡೆದೆವು. ಅಬುಧಾಬಿಯ ಮುಸಫ್ಫಾದಲ್ಲಿ ಒಬ್ಬ ಪಠಾಣ ಅಂಗಡಿಯವ ರಘು ತೋರಿಸಿದ ಫೋಟೋ ನೋಡಿ, "ಮಾಫಿ, ಮಾಫಿ, ಇಲ್ಲವೇ ಇಲ್ಲ. ಇದು ನನ್ನಪ್ಪನ ಕಾಲದ್ದು" ಎಂದು ಕೈಯಾಡಿಸಿಬಿಟ್ಟ. ಹೊರದೇಶದಿಂದ ಹೊಸದಾಗಿ ಒತ್ತಿದ ಮಡ್‌ಗಾರ್ಡ್ ತರಿಸಿದ್ದೂ ಆಯಿತು. ಹಾಕಿ ನೋಡಿದರೆ ಬಾಗಿಲಿಗೂ ಅದಕ್ಕೂ ನಡುವೆ ಕೈ ತೂರುವಷ್ಟು ಸಂದು. ಸೆಪ್ಟೆಂಬರ್ ಬಂತು. ರಘು ಮಾತಾಡುವುದನ್ನು ಕಡಿಮೆ ಮಾಡಿದರು. ವಸಂತಣ್ಣ ಕೂಡ ಕಡಿಮೆ ಮಾಡಿದ. ಅದು ಇನ್ನೂ ಗಾಬರಿಯ ಸಂಗತಿಯಾಗಿತ್ತು.

ದಾರಿ ತೋರಿಸಿದವನು ಸಯೀದ್. ರುವೈಸ್‌ನಲ್ಲಿ ರಘು ಕೈಕೆಳಗೆ ಕೆಲಸ ಕಲಿತ, ಆ ದೇಶದವನೇ ಆದ ಎಮಿರಾತಿ ಎಂಜಿನಿಯರ್. ಒಳನಾಡಿನ ಮರಳುಗಾಡಿನ ಲಿವಾದಲ್ಲಿ ತನ್ನ ಅಜ್ಜನ ಖರ್ಜೂರದ ತೋಟದ ಪಕ್ಕ ನಿಂತಿರುವ ಒಂದು ಹಳೆ ಪಿಕಪ್‌ನ ಫೋಟೋ ಕಳಿಸಿದ. ಅರ್ಧ ಮರಳಲ್ಲಿ ಹೂತಿತ್ತು. ವಸಂತಣ್ಣ ಫೋನನ್ನು ಕಣ್ಣ ಹತ್ತಿರ ಹಿಡಿದು, "ಸರ್! ನಮ್ಮ ವ್ಯಾಗನ್ನೂ ಇದೂ ಒಂದೇ ಕಂಪನಿ, ಮುಖ ಒಂದೇ. ಬಾಗಿಲೂ ಇದೇ! ಹೋಗುವ, ಈಗಲೇ ಹೋಗುವ!" ಎಂದು ಕೂಗಿದ. ಅಳತೆ ತಾಳೆ ನೋಡಲೆಂದು ನಮ್ಮ ಕೊಳೆತ ತಗಡುಗಳನ್ನೂ ಬಿಚ್ಚಿ ಅವನ ವ್ಯಾನಿಗೆ ಹೇರಿಕೊಂಡು ಆ ವಾರದ ಕೊನೆಗೆ ನಸುಕಿನಲ್ಲೇ ಹೊರಟೆವು.

ಲಿವಾದ ಬಗ್ಗೆ ಹೇಗೆ ಹೇಳಲಿ? ಅಷ್ಟು ವರ್ಷ ಆ ದೇಶದಲ್ಲಿದ್ದೂ ನಾನು ಕಂಡ ಮರುಭೂಮಿ ಎಂದರೆ ಹೆದ್ದಾರಿಯ ಬೇಲಿಯಾಚೆಯದ್ದು. ಇಲ್ಲಿ ರಸ್ತೆಯೇ ಮರಳಿನ ಬೆಟ್ಟಗಳಿಗೆ ದಾರಿ ಬಿಟ್ಟುಕೊಟ್ಟು ಸುತ್ತಿ ಸುತ್ತಿ ಹೋಗುತ್ತದೆ. ಕೆಂಪು ಬೆರೆತ ಹೊನ್ನಿನ ಬಣ್ಣ, ಅದರ ತಪ್ಪಲಲ್ಲಿ ದಟ್ಟ ಹಸಿರು ಖರ್ಜೂರದ ತೋಟಗಳು. ವ್ಯಾನಿನಿಂದಿಳಿದರೆ ಕಿವಿಯಲ್ಲಿ ನನ್ನ ರಕ್ತ ಹರಿಯುವ ಸದ್ದೇ ಕೇಳುವಷ್ಟು ಮೌನ. ನಾನು ಸುಮ್ಮನೆ ಕೈ ಮುಗಿದೆ. ಯಾರಿಗೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಸಯೀದನ ಅಜ್ಜ ತೋಟದ ಚಪ್ಪರದಡಿ ಚಾಪೆ ಹಾಸಿ ಕಾದಿದ್ದರು. ಎಂಬತ್ತು ದಾಟಿದ ತೆಳ್ಳಗಿನ ಜೀವ. ನಾನು ಅರಬ್ಬಿಯಲ್ಲಿ ತಡವರಿಸುತ್ತಿದ್ದರೆ ಅವರು, "ಆವೋ ಬಹನ್, ಬೈಠೋ" ಎಂದು ಹಿಂದಿಯಲ್ಲೇ ಕರೆದರು. ಹರೆಯದಲ್ಲಿ ಖರ್ಜೂರ ಹೇರಿದ ದೋಣಿಗಳಲ್ಲಿ ಮುಂಬಯಿಗೆ ಹೋಗಿ ಬಂದವರಂತೆ. ಅರಬ್ಬಿ ಕಾಫಿ ಕಾವಾ ಕುಡಿದು ಖರ್ಜೂರ ತಿಂದಾದ ಮೇಲೆ ಅವರೇ ಮುಂದಾಗಿ ನಡೆದರು.

ಖರ್ಜೂರದ ಗರಿಯ ಬೇಲಿಯ ಆಚೆ, ಮರಳಿನ ದಿಬ್ಬ ಏಳುವ ಜಾಗದಲ್ಲಿ ಅದು ನಿಂತಿತ್ತು. ನಾವು ಮೊದಲು ಕಂಡದ್ದು ಬಲಗಡೆಯನ್ನು. ಆಕಾಶನೀಲಿ ಬಣ್ಣ, ಮಾಸಿದ್ದರೂ ಹಾಗೇ ಇತ್ತು. ಸುತ್ತಿಕೊಂಡು ಎಡಗಡೆಗೆ ಬಂದೆವು. ವಸಂತಣ್ಣ "ಅಯ್ಯೋ ದೇವರೇ" ಎಂದವನು ಅಲ್ಲೇ ನಿಂತ.

ಎಡಗಡೆಯಲ್ಲಿ ಬಣ್ಣವೆಂಬುದೇ ಇರಲಿಲ್ಲ. ವಾಯುವ್ಯದಿಂದ ಬೀಸುವ ಗಾಳಿ ವರ್ಷವರ್ಷವೂ ಮರಳು ಎರಚಿ ಎರಚಿ ಬಣ್ಣವನ್ನೆಲ್ಲ ತಿಂದು ಬರಿಯ ಉಕ್ಕನ್ನು ಉಳಿಸಿತ್ತು. ಹಬ್ಬದ ಹಿಂದಿನ ದಿನ ಬೆಳಗಿಟ್ಟ ಪಾತ್ರೆಯ ಹಾಗೆ ಅದು ಮರಳಿನಿಂದ ಚಿಮ್ಮಿದ ಬೆಳಕಿಗೆ ಹೊಳೆಯುತ್ತಿತ್ತು. ಬಾನೆಟ್ ಕೂಡ ಹಾಗೆಯೇ. ಬುಡದಲ್ಲಿ ಎಲ್ಲೋ ಒಂದೆರಡು ಕಡೆ ತೆಳುವಾದ ಕಂದು ಛಾಯೆ. ಗಾಳಿ ಬಡಿದಲ್ಲಿ ಅದೂ ಇಲ್ಲ. ರಘು ಮಂಡಿಯೂರಿ ಕೂತು ಅಂಗೈಯನ್ನು ಬಾಗಿಲಿನ ಮೇಲೆ ಮೆಲ್ಲಗೆ ಆಡಿಸಿದರು.

"ಸುಮಾ, ಜೀವಮಾನವೆಲ್ಲಾ ಬಣ್ಣ ಬಳಿದೆ, ರಾಸಾಯನಿಕ ಸುರಿದೆ, ಕರೆಂಟ್ ಹರಿಸಿದೆ ಕಣೇ, ತುಕ್ಕು ಬರ್ದಿರ್ಲಿ ಅಂತ" ಎಂದರು. "ಇಲ್ಲಿ ನೋಡು. ಯಾರೂ ಏನೂ ಮಾಡಿಲ್ಲ, ಒಣ ಗಾಳಿ ಅಷ್ಟೇ."

ಅಜ್ಜ ಕತೆ ಹೇಳಿದರು. ಆ ಗಾಡಿಯಲ್ಲಿ ನೀರು ಸಾಗಿಸಿದ್ದರು, ಖರ್ಜೂರ ಸಾಗಿಸಿದ್ದರು, ತಮ್ಮ ಮಗನ ಮದುವೆಯ ದಿಬ್ಬಣವನ್ನೂ ಕರೆತಂದಿದ್ದರು. ಒಂದು ದಿನ ಇಲ್ಲಿ ನಿಂತಿತು, ಮತ್ತೆ ಏಳಲಿಲ್ಲ. ಎಳೆಸಿ ಬಿಸಾಡಲು ಮನಸ್ಸಾಗಲಿಲ್ಲ. ಬೇಕಾದ್ದನ್ನು ತೆಗೆದುಕೊಳ್ಳಿ ಎಂದರು. ಆದರೆ ಒಂದು ಮಾತು. "ಇವಳನ್ನು ಹೀಗೆ ಬೋಳು ಮಾಡಿ ಬಿಟ್ಟು ಹೋಗಬೇಡಿ. ನಿಮ್ಮ ತಗಡನ್ನು ಇವಳಿಗೆ ಹಾಕಿ."

"ಬಾಬಾ, ನಮ್ಮದು ಪೂರ್ತಿ ತುಕ್ಕು ತಿಂದಿದೆ" ಎಂದು ರಘು ಸಂಕೋಚಪಟ್ಟರು.

ಅಜ್ಜ ದಿಬ್ಬದ ಕಡೆ ಕೈ ತೋರಿಸಿದರು. "ಇಲ್ಲಿಗೆ ಬಂದ ಮೇಲೆ ನಿಮ್ಮ ತುಕ್ಕು ಮುಂದಕ್ಕೆ ಹೋಗುವುದಿಲ್ಲ. ಬಿಡಿ ಇಲ್ಲೇ."

ವಸಂತಣ್ಣ ಸ್ಪ್ಯಾನರ್ ಹಾಕಿದ. ಬೋಲ್ಟುಗಳು ನಿನ್ನೆ ಬಿಗಿದ ಹಾಗೆ ಸಲೀಸಾಗಿ ತಿರುಗಿದವು. ಮಧ್ಯಾಹ್ನದ ಹೊತ್ತಿಗೆ ಅವರ ಉಕ್ಕು ನಮ್ಮ ವ್ಯಾನಿನಲ್ಲಿತ್ತು, ನಮ್ಮ ಹಪ್ಪಳ ಅವರ ಪಿಕಪ್ಪಿನಲ್ಲಿತ್ತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡದ್ದು ನಾವೇ.

ಬಣ್ಣದ ಕೆಲಸ ಶುರುವಾಗುವ ಮೊದಲೇ ಆಯುಧಪೂಜೆ ಬಂತು. ವಸಂತಣ್ಣನ ಗ್ಯಾರೇಜಿನಲ್ಲಿ ಪ್ರತಿ ವರ್ಷ ಭರ್ಜರಿ ಪೂಜೆ. ಸ್ಪ್ಯಾನರ್, ಜ್ಯಾಕ್, ವೆಲ್ಡಿಂಗ್ ಯಂತ್ರ ಎಲ್ಲವನ್ನೂ ತೊಳೆದು, ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದ್ದ. ರಘು ಎಣ್ಣೆ ಹಚ್ಚಿ ಕಾಪಾಡಿ, ಬಣ್ಣಕ್ಕೆಂದು ಆಗಷ್ಟೇ ಒರೆಸಿಟ್ಟಿದ್ದ ಲಿವಾದ ಮೂರು ತಗಡುಗಳು ಗೋಡೆಗೆ ಒರಗಿ ಹೊಳೆಯುತ್ತಿದ್ದವು.

"ಅಕ್ಕ, ಇವನ್ನೂ ಪೂಜೆಗೆ ಇಡುವ. ಎಷ್ಟು ದೂರದಿಂದ ಬಂದಿದ್ದಾವೆ" ಎಂದ ವಸಂತಣ್ಣ.

"ಖಂಡಿತ ಇಡ್ಬೇಕು" ಎಂದೆ ನಾನು. ಬರ್ ದುಬೈಯಿಂದ ಆರಿಸಿ ಆರಿಸಿ ಕಾಯಿ ತಂದವಳೂ ನಾನೇ. ಹಿರಿಯರೆಂದು ಕಾಯಿ ಒಡೆಯಲು ರಘು ಕೈಗೆ ಕೊಟ್ಟೆವು. ಅವರು ಭಕ್ತಿಯಿಂದ ಕಣ್ಣುಮುಚ್ಚಿ, ಪೂಜೆಗಿಟ್ಟಿದ್ದ ಅಡಿಗಲ್ಲಿನಂಥ ದಪ್ಪ ಕಬ್ಬಿಣದ ದಿಮ್ಮಿಗೆ ಬಲವಾಗಿ ಅಪ್ಪಳಿಸಿದರು. ಕಾಯಿ ಎರಡಾಗುವ ಬದಲು ಚೂರಾಯಿತು, ನೀರು ಬಾನೆಟ್ಟಿನ ಮೇಲೂ ಮಡ್‌ಗಾರ್ಡಿನ ಮೇಲೂ ಸಿಡಿದು ಧಾರೆಯಾಗಿ ಇಳಿಯಿತು.

ಕಣ್ಣು ತೆರೆದ ರಘು ಅದನ್ನು ಕಂಡದ್ದೇ ತಡ, ಪಕ್ಕದ ಬಟ್ಟೆಗೆ ಕೈ ಹಾಕಿದರು. ವಸಂತಣ್ಣ ಅವರ ಕೈ ಹಿಡಿದುಕೊಂಡ.

"ಸರ್, ಇವತ್ತು ಮುಟ್ಲಿಕ್ಕೆ ಇಲ್ಲ. ಪೂಜೆಗೆ ಇಟ್ಟ ಮೇಲೆ ನಾಳೆ ಬೆಳಿಗ್ಗೆವರೆಗೆ ಒಂದು ಸ್ಕ್ರೂ ಸಹ ಮುಟ್ಟುವ ಹಾಗಿಲ್ಲ. ನಮ್ಮ ಊರಲ್ಲಿ ಇದು ಕಟ್ಟುನಿಟ್ಟು."

"ವಸಂತ, ಅದು ಬರೀ ಉಕ್ಕು. ಮೇಲೆ ಕೋಟಿಂಗ್ ಇಲ್ಲ. ನೀರಲ್ಲಿ ಉಪ್ಪಿರುತ್ತೆ."

"ದೇವರ ಕಾಯಿನೀರು ಸರ್. ಎಂತ ಆಗುದಿಲ್ಲ."

ರಘು ನನ್ನ ಕಡೆ ನೋಡಿದರು. "ನಮ್ಮಲ್ಲೂ ಮುಟ್ಟಲ್ಲ ಅಲ್ವೇನ್ರೀ. ಒಂದಿನ ತಾನೆ?" ಎಂದೆ. ತುಕ್ಕಿನ ವಿಷಯದಲ್ಲಿ ಕಾರ್ಖಾನೆಯನ್ನೇ ನಿಲ್ಲಿಸಬಲ್ಲ ಆ ಮನುಷ್ಯ ಹೆಂಡತಿಯೂ ಕಟಪಾಡಿಯೂ ಒಂದಾದಾಗ ಏನು ಮಾಡಬೇಕು? ಬಟ್ಟೆ ಕೆಳಗಿಟ್ಟು ಪ್ರಸಾದ ತಿಂದರು.

ಅಕ್ಟೋಬರಿನ ದುಬೈ ಎಂದರೆ ಬೆಳಗಾಗುವಷ್ಟರಲ್ಲಿ ಕಿಟಕಿ ಗಾಜು ಬೆವರಿ ನೀರಿಳಿಯುವ ಕಾಲ. ಮರುದಿನ ಗ್ಯಾರೇಜಿನ ಬಾಗಿಲು ಎತ್ತಿ ನೋಡಿದೆವು. ಕಾಯಿನೀರು ಇಳಿದ ಒಂದೊಂದು ಧಾರೆಯೂ, ಸಿಡಿದ ಒಂದೊಂದು ಹನಿಯೂ ಕಿತ್ತಳೆ ಬಣ್ಣದಲ್ಲಿ ಅಚ್ಚಾಗಿತ್ತು. ನಾನು ಭಕ್ತಿಯಿಂದ ಇಟ್ಟ ಅರಿಶಿನದ ಬೊಟ್ಟುಗಳ ಸುತ್ತಲೂ ಕಂದು ಉಂಗುರ. ವಸಂತಣ್ಣ ಟೋಪಿ ತೆಗೆದು ನೆಲದ ಮೇಲೆ ಕೂತ. ರಘು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಭೂತಗನ್ನಡಿ ತೆಗೆದು ಒಂದೊಂದು ಹನಿಯನ್ನೂ ನೋಡತೊಡಗಿದರು.

"ಅಬ್ಬಾ," ಎಂದರು. "ಅಲ್ಲಿ ಅಷ್ಟು ವರ್ಷ ಆಗದ್ದು ಇಲ್ಲಿ ಒಂದೇ ರಾತ್ರಿಗೆ. ಏನು ಹಸಿವು ನೋಡು ಇದಕ್ಕೆ!" ಬೆರಗು ಇಳಿದ ಮೇಲೆ ಮುಖ ಸಪ್ಪಗಾಯಿತು. "ಯಂತ್ರ ಹಾಕಿ ಉಜ್ಜೋ ಹಾಗಿಲ್ಲ. ಮರಳು ತಿಕ್ಕಿ ತಿಕ್ಕಿ ತಗಡು ಮೊದಲೇ ತೆಳುವಾಗಿದೆ, ತೂತಾಗಿಬಿಡುತ್ತೆ. ಮೃದುವಾದ ಆಮ್ಲ ಬೇಕು, ಕೈಯಲ್ಲೇ ತೆಗೀಬೇಕು. ಹೋದ್ರೆ ಹೋಯ್ತು, ಇಲ್ಲಾಂದ್ರೆ ಇಷ್ಟೇ."

"ಹುಣಸೆಹಣ್ಣು ಆಗುತ್ತಾ?" ಎಂದೆ. ದೇವರ ದೀಪಗಳನ್ನು ಬೆಳಗಿ ಬೆಳಗಿ ಕೈ ಪಳಗಿದವಳು ನಾನು.

ಅವರು ಒಂದು ಕ್ಷಣ ಯೋಚಿಸಿ, "ಆಗ್ಲೇಬೇಕು ಕಣೇ, ಹೋಗಿ ತಾ!" ಎಂದರು.

ಮನೆಯಲ್ಲಿದ್ದ ಹುಣಸೆಯೆಲ್ಲ ಖಾಲಿ. ಪಕ್ಕದ ಮನೆಯ ಕೇರಳದವರ ಕುಡಂಪುಳಿ ಎಂಬ ಹುಳಿಯನ್ನೂ ಬೇಡಿ ತಂದೆ. ಬೆಳಗಿನಿಂದ ಮೂವರೂ ನೆಲದಲ್ಲಿ ಕೂತು ಉಜ್ಜಿದೆವು. ಒಬ್ಬರು ಹುಳಿ ಹಚ್ಚುವುದು, ಒಬ್ಬರು ತೊಳೆಯುವುದು, ಒಬ್ಬರು ಬಿಸಿಗಾಳಿ ಹೊಡೆದು ಆ ಗಳಿಗೆಯಲ್ಲೇ ಒಣಗಿಸುವುದು. ಕಿತ್ತಳೆ ಕರಗಿ ಅಡಿಯಿಂದ ಆ ಲಿವಾದ ಬೆಳ್ಳಿ ಬಣ್ಣ ಮತ್ತೆ ಇಣುಕಿದಾಗ ವಸಂತಣ್ಣ ಗಟ್ಟಿಯಾಗಿ ಅತ್ತೇಬಿಟ್ಟ. ನನಗೂ ಕಣ್ಣು ತುಂಬಿತು. ಗಾಳಿ ತಾಗಲು ಬಿಡದೆ ಪ್ರೈಮರ್ ಹೊಡೆದು ಮುಚ್ಚಿದೆವು.

ಬಣ್ಣ, ಜೋಡಣೆ, ಮತ್ತೆ ಬಣ್ಣ ಎಂದು ನವೆಂಬರ್ ಪೂರ್ತಿ ಹೋಯಿತು. ಪಾಸಿಂಗ್ ದಿನ ತಪಾಸಣೆಯವನು ಮಡ್‌ಗಾರ್ಡನ್ನು ಬೆರಳಿನಿಂದ ತಟ್ಟಿದ, ಸ್ಕ್ರೂಡ್ರೈವರ್ ತೆಗೆದು ಅಂಚಿಗೆ ಒತ್ತಿದ. ಅವನು ಪಾಸಾದ ಚೀಟಿ ಕೈಗಿಟ್ಟು, "ಯಲ್ಲಾ, ಹೋಗಿ" ಎಂದ. ಆ ಕಾರು ಈಗ ಸಯೀದನ ಮನೆಯಲ್ಲಿದೆ. ನಾವು ಊರಿಗೆ ಹೊರಟಾಗ ಅವನೇ ಕೇಳಿ ಇಟ್ಟುಕೊಂಡ.

ಕೊನೆಯ ದಿನ ಬಂತು. ರಘು ರುವೈಸ್‌ನಲ್ಲಿ, ಕಾರು ಮಿರ್ದಿಫ್‌ನಲ್ಲಿ. ಮುಟ್ಟಿಸುವ ಕೆಲಸ ನನ್ನ ಪಾಲಿಗೆ. ಅಂಥ ಗಾಡಿಯನ್ನು ಅಷ್ಟು ದೂರ ನಾನು ಓಡಿಸಿದವಳಲ್ಲ. ಬೆಳಗಿನ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿಕೊಂಡು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ದೇವರ ನಾಮ ಹೇಳುತ್ತ ಗೇಟಿನ ಮುಂದೆ ತಂದು ನಿಲ್ಲಿಸಿದಾಗ ಮಂಜು ಕರಗಿ ಬಿಸಿಲು ಬಂದಿತ್ತು.

ಹಾರ ಹಾಕಿಸಿಕೊಂಡ ರಘು ಸಹೋದ್ಯೋಗಿಗಳ ನಡುವಿನಿಂದ ಹೊರಬಂದರು. ಕಾರನ್ನು ಕಂಡು ನಿಂತರು. ಸಯೀದ್ ಫೋಟೋ ತೆಗೆದ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಇಳಿದು ಕೀ ಚಾಚಿದೆ. ಅವರು ಮಡ್‌ಗಾರ್ಡನ್ನು ಒಮ್ಮೆ ಸವರಿ, ಕಾರನ್ನು ಸುತ್ತಿಕೊಂಡು ಆ ಕಡೆಗೆ ಹೋಗಿ, ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು.

"ರೀ, ಇದೇನಿದು? ನೀವು ಓಡಿಸ್ಬೇಕು ಅಂತ ತಾನೆ ಇಷ್ಟೆಲ್ಲಾ ಮಾಡಿದ್ದು?"

"ನೀನೇ ಓಡಿಸು ಸುಮಾ."

"ಮೈ ಸರಿ ಇಲ್ವಾ?"

"ಚೆನ್ನಾಗೇ ಇದೀನಿ. ಓಡಿಸು."

ಹೊರಟೆವು. ಊರು ದಾಟಿ ಹೆದ್ದಾರಿ ಸೇರಿದೆವು. ಆಗ ಅವರು ಹೇಳಿದರು: "ಬಸ್ಸು ಹತ್ತಿದ ಕೂಡ್ಲೇ ಪರದೆ ಎಳೆದು ಮಲಗಿಬಿಡ್ತಿದ್ದೆ ಕಣೇ. ಹೋಗೋವಾಗ ಕತ್ತಲೆ, ಬರೋವಾಗ ನಿದ್ದೆ. ಓಡಿಸಿದ್ರೆ ಇವತ್ತೂ ಟಾರು ರಸ್ತೆ ಬಿಟ್ಟು ಇನ್ನೇನೂ ನೋಡೋಕಾಗಲ್ಲ."

ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಾಗಿಲು ಎಷ್ಟು ಚೆನ್ನಾಗಿ ಕೂತಿದೆ ಎಂದಾಗಲಿ, ಬಣ್ಣ ಹೇಗೆ ಬಂದಿದೆ ಎಂದಾಗಲಿ. ಕಿಟಕಿ ಗಾಜು ಇಳಿಸಿ ಕೂತುಬಿಟ್ಟರು. ಉಪ್ಪು ಹೆಪ್ಪುಗಟ್ಟಿ ಬೆಳ್ಳಗೆ ಹರಡಿದ ಬಯಲು ಕಣ್ಣು ಮುಟ್ಟುವವರೆಗೂ ಬಂತು. ಬೇಲಿಯಾಚೆ ಒಂಟೆಗಳ ಸಾಲು ಬಂತು. ನನ್ನ ಬದಿಯಲ್ಲಿ ಸಮುದ್ರ ಕಾಣಿಸಿತು, ಹಸಿರೋ ನೀಲಿಯೋ ಹೇಳಲಾಗದ ಬಣ್ಣ, ದೂರದಲ್ಲಿ ನೀರೊಳಗೇ ನಿಂತ ಗಿಡಗಳು.

"ಸ್ವಲ್ಪ ಹಿಂದಕ್ಕೆ ಒರಗೇ, ಕಾಣಿಸ್ತಿಲ್ಲ" ಎಂದರು. ನಾನು ಒರಗಿದೆ. ಅರವತ್ತರ ಆ ಮನುಷ್ಯ ಕುತ್ತಿಗೆ ಚಾಚಿ ನನ್ನ ಹೆಗಲ ಮೇಲಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಇದೆಲ್ಲಾ ಇಷ್ಟು ವರ್ಷ ಇಲ್ಲೇ ಇತ್ತೇನೇ?"

ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಹೊಡೆದುಕೊಳ್ಳಲಿ ಎಂದು ಕಾರನ್ನು ಅಂಚಿನ ಲೇನಿಗೆ ತಂದು, ಎಷ್ಟು ನಿಧಾನವಾಗಿ ಓಡಿಸಬಹುದೋ ಅಷ್ಟು ನಿಧಾನವಾಗಿ ಓಡಿಸಿದೆ.